ದಾರವಿಲ್ಲದೆ ಗೆರೆ ಹಿಡಿದ ರತ್ನಮಾಲಾ

ಬಸವಕಲ್ಯಾಣದ ಹತ್ತಿರದ ಮೋರಖಂಡಿಯ ರತ್ನಮಾಲಾ ಕೆಲಸ ಹುಡುಕಿಕೊಂಡು ಹುಮನಾಬಾದಿಗೆ ಬಂದದ್ದು 1997ರಲ್ಲಿ, ದಸರಾಕ್ಕೆ ಇನ್ನೂ ಒಂದು ತಿಂಗಳಿದ್ದಾಗ. ಇಪ್ಪತ್ತೆರಡರ ಹುಡುಗಿ. ಚೀಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಕಾಗದ, ಎರಡು ಸೀರೆ. ಇಳಿದುಕೊಂಡದ್ದು ಮಾಣಿಕನಗರದಲ್ಲಿ, ಲಾಡ್ಜಿನ ಕಸ ಹೊಡೆಯುವ ಚಿಗವ್ವ ದ್ರೌಪತಿಯ ಒಂದೇ ಖೋಲಿಯ ಮನೆಯಲ್ಲಿ.

"ಒಂದು ತಿಂಗಳು ಇರು," ಎಂದು ದ್ರೌಪತಿ ಮೊದಲ ದಿನವೇ ಹೇಳಿಬಿಟ್ಟಳು. "ದಸರಾಕ್ಕ ನನ್ನ ಮಗಳು ಹಡಿಲಾಕ ಬರಾಕತ್ತಾಳ. ಬಾಣಂತಿ, ಕೂಸು ಇದೇ ಮೂಲ್ಯಾಗ. ಆಗ ನಿನ್ನ ಎಲ್ಲಿ ಹಾಕಲಿ, ಗೂಟಕ್ಕ ತೂಗಹಾಕಲೇನು?"

ಕೆಟ್ಟ ಹೆಂಗಸಲ್ಲ, ಇದ್ದದ್ದನ್ನು ಹೇಳಿದಳು. ಊರಲ್ಲಿ ಅಣ್ಣ ಅಜೀತ ಕಬ್ಬು ಕಡಿಯುವ ಟೋಳಿಗೆ ತಂಗಿಯ ಹೆಸರನ್ನೂ ಬರೆಸಿದ್ದ. ದಸರಾದೊಳಗೆ ಕೆಲಸ ಸಿಗದಿದ್ದರೆ ಟೋಳಿಯ ಲಾರಿ ಹತ್ತಿ ಮಹಾರಾಷ್ಟ್ರದ ಗದ್ದೆಗೆ ಹೋಗಬೇಕು, ಅಷ್ಟೇ.

ದ್ರೌಪತಿ ಇನ್ನೊಂದು ಮಾತು ಹೇಳಿ ಕಳಿಸಿದ್ದಳು: "ಯಾವ ಓಣಿ ಅಂತ ಕೇಳಿದ್ರ ಕಲ್ಯಾಣದಾಕಿ ಅನ್ನು. ಮುಂದ ಬಾಯಿ ತೆರಿಬ್ಯಾಡ." ನಮ್ಮ ಕಡೆ ಹೆಸರಿಗಿಂತ ಮೊದಲು ಓಣಿ ಕೇಳುತ್ತಾರೆ. ಓಣಿ ತಿಳಿದರೆ ಜಾತಿ ಕೇಳುವ ತ್ರಾಸು ತಪ್ಪುತ್ತದೆ.

ಮೂರು ವಾರ ರತ್ನಮಾಲಾ ಹಾಗೆಯೇ ಅಲೆದಳು. ಬಟ್ಟೆ ಅಂಗಡಿಯವನು ಯಾವ ಓಣಿ ಎಂದು ಬೆನ್ನು ಹತ್ತಿದ, ಇವಳು ಎದ್ದು ಬಂದಳು. ಬ್ಯಾಳಿ ಮಿಲ್ಲಿನವರು ಆಳು ತರುವ ಮುಕಾದಮನ ಜೊತೆ ಬಾ ಎಂದರು. ಹೊಲಿಗೆಯವಳು, ಮಶೀನು ನೀನೇ ತರಬೇಕು ಎಂದಳು.

ಉಳಿದದ್ದು ಹೆದ್ದಾರಿಯ ಬದಿಯ ಪೇಂಟರ್ ಗುರುಶಾಂತನ ಬೋರ್ಡಿನ ಅಂಗಡಿ. ಬರೆಯುವುದೊಂದು ಅವಳಿಗೆ ಬರುತ್ತಿತ್ತು. ಪ್ರತಿ ವರ್ಷ ಬಾಬಾಸಾಹೇಬರ ಜಯಂತಿಗೆ ಮೋರಖಂಡಿಯ ಗೋಡೆಗಳನ್ನೆಲ್ಲ ಬರೆದವಳು ಅವಳೇ. ನಮ್ಮ ದಲಿತ ಸಂಘಟನೆಯಲ್ಲಿ ಭಾಷಣ ಮಾಡುವ ಗಂಡಸರಿಗೆ ಬರವಿರಲಿಲ್ಲ. ಅಕ್ಷರ ನೆಟ್ಟಗೆ ಬರೆಯುವ ಒಬ್ಬನೂ ಇರಲಿಲ್ಲ.

"ಹೆಣ್ಣುಮಗಳು, ಏಣಿ ಏರ್ತಿಯೇನು?" ಗುರುಶಾಂತ ನಕ್ಕ.

"ಏಣಿಗಿ ಗಂಡು ಹೆಣ್ಣು ಗೊತ್ತಾಗ್ತದೇನ್ರಿ?"

ಅವನ ಮುಂದೆ ಒಂದು ಕಿರಾಣಿ ಅಂಗಡಿಯ ಬೋರ್ಡು ಅರ್ಧಕ್ಕೆ ನಿಂತಿತ್ತು. ಬರಿ ನೋಡೂಣು ಎಂದು ಬ್ರಶ್ಶು ಕೊಟ್ಟು ಗಿರಾಕಿಯ ಕಡೆ ತಿರುಗಿದ. ಅವಳು ಬರೆದು ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದಾಗಲೇ ಕಂಡದ್ದು: ಅಂಗಡಿಯ ಹೆಸರಿನ ಮೇಲೆ, ಅವನು 'ಶ್ರೀ' ಬರೆಯಲು ಬಿಟ್ಟಿದ್ದ ಜಾಗದಲ್ಲಿ, ನೀಲಿಯಲ್ಲಿ 'ಜೈ ಭೀಮ್'. ನಮ್ಮಲ್ಲಿ ಬ್ರಶ್ಶು ಒದ್ದೆಯಾದೊಡನೆ ಮೊದಲು ಬರೆಯುವುದು ಅದನ್ನೇ. ಅವಳಿಗಿಂತ ಮೊದಲು ಅವಳ ಕೈ ಬರೆದುಬಿಟ್ಟಿತ್ತು. ಮೂರು ವಾರ ಮುಚ್ಚಿಟ್ಟ ಓಣಿ ಅಂಗೈ ಅಗಲದ ಅಕ್ಷರದಲ್ಲಿ ನಿಂತಿತ್ತು.

ಗುರುಶಾಂತ ಬಂದು ನೋಡಿದ. "ಅಳಿಸು. ಸಂಜಿಕ ಗಿರಾಕಿ ಬರ್ತಾನ."

ರತ್ನಮಾಲಾ ಅಳಿಸಿದಳು. ನಾವಾಗಿದ್ದರೆ ಅಳಿಸದೆ ಜಗಳ ತೆಗೆದು, ಮರುದಿನ ಪತ್ರಿಕೆಗೆ ಹೇಳಿಕೆ ಕೊಟ್ಟು, ಹುಡುಗಿಯನ್ನು ಕಬ್ಬಿಗೆ ಕಳಿಸಿ ಮನೆಗೆ ಹೋಗುತ್ತಿದ್ದೆವು. ಅವಳು ಸೀಮೆಎಣ್ಣೆಯ ಅರಿವೆ ಕೈಯಲ್ಲಿ ಹಿಡಿದೇ ಹೇಳಿದಳು:

"ಬೋರ್ಡು ನಿಮ್ದು, ಅಳಿಸಿದ್ನಿ. ಆದರ ನನ್ನ ಓಣಿ ಯಾವುದಂತ ಈಗ ನಿಮಗ ಗೊತ್ತಾತು. ಇಟ್ಕೊಳ್ಳೂದಿದ್ರ ಗೊತ್ತಿದ್ದೇ ಇಟ್ಕೊಳ್ರಿ. ಎಂಟು ದಿನ ಬಿಟ್ಟು, ಯಾರೋ ಹೇಳಿದ್ರು ಅಂತ ತೆಗಿಬ್ಯಾಡ್ರಿ."

ಅವನು ಗೆರೆ ಹೊಡೆಯುವ ಸುಣ್ಣದ ದಾರ ತೆಗೆದು, ಅವಳು ಬರೆದ ಅಂಗಡಿಯ ಹೆಸರಿನ ಸಾಲಿನ ಬುಡಕ್ಕೆ ಎಳೆದು ಹಿಡಿದ. ಒಂದು ಅಕ್ಷರವೂ ದಾರಕ್ಕಿಂತ ಮೇಲೆ ಕೆಳಗೆ ಇರಲಿಲ್ಲ. ಮೋರಖಂಡಿಯ ಕಾಡುಗಲ್ಲಿನ ಗೋಡೆಯ ಮೇಲೆ ದಾರದ ಗೆರೆ ಮೂಡುವುದಿಲ್ಲ. ಅಲ್ಲಿ ಬರೆದವರು ಕಣ್ಣಲ್ಲೇ ಗೆರೆ ಹಿಡಿಯಬೇಕು.

"ಯಾರು ಕಲಿಸಿದ್ರು?"

"ಗ್ವಾಡಿ."

"ನಾಳಿ ಎಂಟಕ್ಕ ಬಾ."

ಗುರುಶಾಂತ ದೊಡ್ಡ ಶರಣನೇನಲ್ಲ. ಅವನ ಕೆಲಸಗಾರ ಬಿಟ್ಟುಹೋಗಿದ್ದ, ದಸರಾದ ಬೋರ್ಡುಗಳು ರಾಶಿ ಬಿದ್ದಿದ್ದವು. ಎರಡು ವರ್ಷ ಅವಳ ಚಹಾದ ಗ್ಲಾಸು ಬೇರೆಯೇ ಇತ್ತು. ಅವಳು ಚಹಾ ಬಿಟ್ಟಳು, ಕೆಲಸ ಬಿಡಲಿಲ್ಲ. ದ್ರೌಪತಿಯ ಮಗಳು ಬರುವ ಎರಡು ದಿನ ಮೊದಲು, ಅದೇ ಗಲ್ಲಿಯ ಬಳೆ ಮಾರುವ ಜೈನಬಿಯ ಹಿತ್ತಲ ಖೋಲಿಗೆ ಬಾಡಿಗೆಗೆ ಹೋದಳು. ಟೋಳಿಯ ಲಾರಿ ಅವಳಿಲ್ಲದೆ ಹೋಯಿತು.

2004ರಲ್ಲಿ ಬಸವಕಲ್ಯಾಣದ ಟ್ರಕ್ ಗ್ಯಾರೇಜುಗಳ ಸಾಲಿನಲ್ಲಿ ರತ್ನಮಾಲಾ ಸ್ವಂತ ಅಂಗಡಿ ತೆರೆದಳು. ಏಣಿ ಹತ್ತಿ ಹೊಸ ಬೋರ್ಡು ಬರೆಯುತ್ತಿದ್ದಾಗ ದ್ರೌಪತಿ ನಾದಿನಿಯ ಮಗಳನ್ನು ಕರೆದುಕೊಂಡು ಬಂದಳು.

"ಈಕಿಗೂ ಕೆಲಸ ಬೇಕಂತವ್ವ. ಒಂದು ತಿಂಗಳು ನಿನ್ನ ಮನ್ಯಾಗ ಇರಲಿ."

"ತಿಂಗಳ್ಯಾಕ, ಸಿಗೂತನಕ ಇರಲಿ ಚಿಗವ್ವ. ಓಣಿ ಮುಚ್ಚೂದೊಂದು ಕಲಿಸಬ್ಯಾಡ."

"ಬಸ್ಸಿನ್ಯಾಗ ಕಲಿಸಿಬಿಟ್ಟೀನಲ್ಲ!"

"ಹಂಗಾರ ನೀ ವಾಪಸ್ ಹೋಗೂದ್ರಾಗ ಮರಿಸು. ಈಗ ಏಣಿ ಹಿಡಿ ಅನ್ನು ಆಕಿಗಿ, ಅಲ್ಲಾಡಾಕತ್ತದ."