ಏಸಿ ಆರಿಸಿಕೊಂಡು ಬಂದ ದಾರಿ

ಕಾರು ಕೊಳ್ಳಲು ಹೋದಾಗ ಮಾವನನ್ನು ಜೊತೆಗೆ ಕರೆದುಕೊಂಡು ಹೋದದ್ದು ಬರೀ ಮರ್ಯಾದೆಗೆ. ನನ್ನ ಹೆಂಡತಿಯ ತಂದೆ, ಚೆನ್ನೈನ ಕೀಲ್ಪಾಕಿನ ನಮ್ಮ ಫ್ಲ್ಯಾಟಿನಲ್ಲೇ ಇರುವವರು. ರೈಲ್ವೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೋಗಿಗಳ ದೀಪಕ್ಕೆ, ಫ್ಯಾನಿಗೆ ಕರೆಂಟು ಕೊಡುವ ಬ್ಯಾಟರಿಗಳನ್ನು ನೋಡಿಕೊಂಡವರು. ಅದು ಗೊತ್ತಿದ್ದೂ ಅವರ ಅಭಿಪ್ರಾಯ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಶೋರೂಮಿನ ಗೋಡೆಯ ತುಂಬ ಒಂದೇ ಮಾತು: ಒಮ್ಮೆ ಚಾರ್ಜ್ ಮಾಡಿದರೆ ನಾನೂರು ಕಿಲೋಮೀಟರ್. ಎಷ್ಟು ವರ್ಷವಾದರೂ ಬ್ಯಾಟರಿ ಹೊಸದರ ಹಾಗೇ ಇರುತ್ತದೆ ಎಂದು ಮಾರಾಟದ ಯುವತಿ ವಿವರಿಸುತ್ತಿದ್ದಳು. ಮಾವ ಕನ್ನಡಕ ಏರಿಸಿಕೊಂಡು ತಮಿಳಿನಲ್ಲಿ ಕೇಳಿದರು: ಮೇ ತಿಂಗಳಲ್ಲಿ, ನಾಲ್ಕು ಜನ ಕೂತು, ಏಸಿ ಹಾಕಿಕೊಂಡರೆ ಎಷ್ಟು ಓಡುತ್ತದೆ? ಆ ನಾನೂರನ್ನು ಎಲ್ಲಿ ಅಳೆದರು?

ಅವಳು ನಕ್ಕಳು. "ಅಂಕಲ್, ಇದು ಪಳೆಯ ಕಾಲತ್ತು ಬ್ಯಾಟರಿ ಇಲ್ಲೆ." ಹಳೇ ಕಾಲದ ಬ್ಯಾಟರಿ ಅಲ್ಲವಂತೆ.

"ಬ್ಯಾಟರಿ ಹೊಸದು ಸರಿ, ಬಿಸಿಲು ಅದೇ ತಾನೇಮ್ಮಾ?" ಎಂದರು ಮಾವ.

ಪಕ್ಕದ ಮೇಜಿನವರು ತಿರುಗಿ ನೋಡಿದರು. ನನಗೆ ಮುಜುಗರವಾಯಿತು. "ಮಾವ, ಸ್ವಲ್ಪ ಸುಮ್ನಿರ್ತೀರಾ?" ಎಂದೆ. ಅವಳ ಕಡೆ ತಿರುಗಿ, ಇವರಿಗೆ ವಯಸ್ಸಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮಾವನಿಗೆ ಇಂಗ್ಲಿಷ್ ನನ್ನಷ್ಟೇ ಚೆನ್ನಾಗಿ ಬರುತ್ತದೆ. ಅವರು ಎದ್ದು ಹೋಗಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ನಾನು ಅವತ್ತೇ ಬುಕ್ ಮಾಡಿದೆ.

ಮೇ ತಿಂಗಳಲ್ಲಿ ವೆಲ್ಲೂರಿನಲ್ಲೊಂದು ಗೃಹಪ್ರವೇಶ. ಹೋಗಿಬರಲು ಮುನ್ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ ಎಂದುಕೊಂಡು ನಾನು, ಹೆಂಡತಿ, ಮಗಳು, ಮಾವ ಹೊರಟೆವು. ವಾಪಸು ಬರುವಾಗ ನಡು ಮಧ್ಯಾಹ್ನ. ಕಾಂಚೀಪುರದ ತಿರುವು ಬರುವ ಹೊತ್ತಿಗೆ ಪರದೆಯ ಮೇಲಿನ ಅಂಕಿ ಉಳಿದ ದಾರಿಗಿಂತ ಕೆಳಗಿಳಿದಿತ್ತು. ಈ ಲೆಕ್ಕದಲ್ಲಿ ಮನೆ ಮುಟ್ಟುವುದು ಅನುಮಾನ. ಎಡಗಡೆ ಒಂದು ಹೋಟೆಲಿನ ಅಂಗಳದಲ್ಲಿ ಚಾರ್ಜಿಂಗ್ ಬೋರ್ಡು ಕಾಣಿಸಿತು. ಹೆಂಡತಿ, "ನಿಲ್ಸಿ, ಅರ್ಧ ಗಂಟೆ ತಾನೆ" ಎಂದಳು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಶೋರೂಮಿನಲ್ಲಿ ಮಾವ ಕೇಳಿದ್ದು ಸರಿ ಎಂದು ನಾನೇ ಒಪ್ಪಿಕೊಂಡ ಹಾಗೆ. ಏಸಿ ಆರಿಸಿ, ಕಿಟಕಿ ಇಳಿಸಿ, ನಿಧಾನವಾಗಿ ಓಡಿಸಿದೆ. ಕಾದ ಗಾಳಿ ಮುಖಕ್ಕೆ ರಾಚುತ್ತಿತ್ತು.

ಮಾವ ಹಿಂದಿನ ಸೀಟಿನಲ್ಲಿ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಪೂನಮಲ್ಲಿ ದಾಟುವಾಗ ಮಗಳು, "ಅಪ್ಪಾ, ತಾತಾವುಕ್ಕು ಏದೋ ಆಗುದು", ತಾತನಿಗೆ ಏನೋ ಆಗುತ್ತಿದೆ ಎಂದು ಕಿರುಚಿದಳು. ತಾತನ ತಲೆ ಅವಳ ಹೆಗಲಿಗೆ ಒರಗಿತ್ತು. ರಸ್ತೆ ಬದಿಯಲ್ಲಿ ಇಳಿಸಿದಾಗ ವಾಂತಿ ಮಾಡಿಕೊಂಡರು. ಹತ್ತಿರದ ಕ್ಲಿನಿಕ್ಕಿನಲ್ಲಿ ಸಂಜೆಯವರೆಗೆ ಡ್ರಿಪ್ ಹಾಕಿದರು. ಬಿಸಿಲಿನ ಝಳ, ವಯಸ್ಸಾದವರು, ನೋಡಿಕೊಳ್ಳಬಾರದೇ ಎಂದು ಡಾಕ್ಟರು ಗದರಿದರು. ಹೆಂಡತಿ ನನ್ನ ಮುಖ ನೋಡಲಿಲ್ಲ.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ವಾರದ ನಂತರ ಲಿಫ್ಟಿನಲ್ಲಿ ಮೇಲಿನ ಮನೆಯವರು ಸಿಕ್ಕಿದರು. ಅವರೂ ಅದೇ ಕಾರು ನೋಡಿಕೊಂಡು ಬಂದಿದ್ದರಂತೆ. "ನಾನೂರು ನಿಜವಾಗಿ ಕೊಡುತ್ತಾ ಸಾರ್?" ಎಂದು ಕೇಳಿದರು. "ಹತ್ತಿರ ಹತ್ತಿರ ಕೊಡುತ್ತೆ" ಎಂದುಬಿಟ್ಟೆ. ಮಾವ ನನ್ನ ಪಕ್ಕದಲ್ಲೇ ನಿಂತಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಮಾವ ಹೇಳಿದರು: "ನಾನೂ ಹಾಗೇ ಬರ್ದಿದ್ದೀನಿ ಅಳಿಯಂದ್ರೆ. ಒಂದ್ಸಲ ಒಂದು ಬೋಗಿ ಬ್ಯಾಟರಿಯ ಎಲ್ಲಾ ಸೆಲ್ಲೂ ನೋಡ್ಲಿಲ್ಲ, ರಿಜಿಸ್ಟರಲ್ಲಿ ಸರಿ ಇದೆ ಅಂತ ಸೈನ್ ಮಾಡ್ದೆ. ಆ ಬೋಗಿ ದಾರಿ ಪೂರ್ತಿ ಕತ್ತಲೆ. ಬಾಗಿಲ ಹತ್ರ ಒಬ್ಬ ಹೆಂಗಸು ಕಾಣದೆ ಬಿದ್ದು ಕೈ ಮುರ್ಕೊಂಡ್ಲು. ನನ್ನ ಯಾರೂ ಕೇಳ್ಲಿಲ್ಲ. ಅದಕ್ಕೇ ಎಲ್ಲಿ ಹೋದ್ರೂ ಕೇಳೋದು ನಾನು."

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಮರುದಿನ ಮೇಲಿನ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ: ಏಸಿ ಹಾಕಿದರೆ ಇನ್ನೂರೈವತ್ತು ಸಿಕ್ಕರೆ ಪುಣ್ಯ, ಲಿಫ್ಟಿನಲ್ಲಿ ಸುಳ್ಳು ಹೇಳಿದೆ. ಅವರು, "ನಿನ್ನೆ ಸಾಯಂಕಾಲವೇ ಬುಕ್ ಮಾಡಿಬಿಟ್ಟೆವಲ್ಲ ಸಾರ್" ಎಂದರು. ಕೂತುಕೊಳ್ಳಿ ಎನ್ನಲಿಲ್ಲ. ಈಗ ಅವರ ಕಾರು ನಮ್ಮದರ ಪಕ್ಕದಲ್ಲೇ ನಿಲ್ಲುತ್ತದೆ. ಎದುರಾದಾಗ ತಲೆ ಆಡಿಸುತ್ತಾರೆ, ಅಷ್ಟೇ.

ಅವರೆದುರು ತಪ್ಪು ಒಪ್ಪಿಕೊಂಡೆ. ಮಾವನ ಎದುರು ಇನ್ನೂ ಆಗಿಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತೇವೆ. ಪೇಪರಿನ ಮೊದಲ ಹಾಳೆ ನನಗೆ ಕೊಟ್ಟು ಒಳಹಾಳೆ ಅವರು ಓದುತ್ತಾರೆ. ಮಾತು ಬಾಯಿಯವರೆಗೆ ಬರುತ್ತದೆ. ಅಷ್ಟರಲ್ಲಿ ಅವರೇ ಏನಾದರೂ ಬೇರೆ ವಿಷಯ ಎತ್ತುತ್ತಾರೆ. ನನಗೆ ಕಷ್ಟವಾಗಬಾರದೆಂದು ಬೇಕೆಂದೇ ಎತ್ತುತ್ತಾರೇನೋ.