ಶತ್ರುವಿನ ಮನೆಗೆ ಮಗಳನ್ನು ಬಿಡಲು ಹೋದದ್ದು

ಎಂಟೂವರೆಯ ರೈಲಿಗೆ ಏಳು ಗಂಟೆಗೇ ಹೋಗಿ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಕೂತಿದ್ದೆವು: ನಾನು, ನನ್ನ ಮಗಳು ಶಾಂತಾ, ಅವಳ ಟ್ರಂಕು, ಹಾಸಿಗೆಯ ಸುರುಳಿ. ಧಾರವಾಡ ಹನ್ನೆರಡು ಹದಿಮೂರು ಮೈಲು. ಮೂರನೆಯ ವರ್ಗಕ್ಕೆ ಮೂರಾಣೆ. ಅಷ್ಟು ದೂರಕ್ಕೆ ನಾನು ಕಟ್ಟಿಕೊಂಡಿದ್ದ ಎರಡು ಛತ್ರಿ, ಶುಂಠಿ ಕಷಾಯದ ಬಾಟಲಿ, ಆರು ರೊಟ್ಟಿ, ಎಣ್ಣೆಗಾಯಿ ನೋಡಿದವರು ನಾವು ಕಾಶಿಗೆ ಹೊರಟಿದ್ದೇವೆಂದುಕೊಂಡಿರಬೇಕು. ಟಿಕೀಟು ಇದೆಯೋ ಇಲ್ಲವೋ ಎಂದು ನಾಲ್ಕು ಸಲ ಕಿಸೆ ಮುಟ್ಟಿಕೊಂಡೆ. ಐದನೆಯ ಸಲಕ್ಕೆ ಶಾಂತಾ ಅದನ್ನು ಇಸಿದುಕೊಂಡು ತನ್ನ ಪುಸ್ತಕದಲ್ಲಿಟ್ಟಳು.

ಅವಳಿಗೆ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತ್ತು. ಇರಲು ಮನೆ ಸಿಕ್ಕಿರಲಿಲ್ಲ. ಧಾರವಾಡದಲ್ಲಿ ನನ್ನ ಅಣ್ಣನ ಮನೆ ಇದೆ, ದೊಡ್ಡದೇ. ಆದರೆ ಅಣ್ಣ ಆಗಲೇ ಅವಳಿಗೊಂದು ವರ ಗೊತ್ತುಮಾಡಿ ಕೂತಿದ್ದ. ಅಲ್ಲಿ ಬಿಟ್ಟರೆ ದೀಪಾವಳಿಯೊಳಗೆ ಅಕ್ಷತೆ ಬೀಳುವುದು ಖಂಡಿತ. ಅಣ್ಣನೆದುರು ನಿಂತು ‘ಬೇಡ’ ಎನ್ನುವ ಧೈರ್ಯ ನನಗೆ ಈ ನಲವತ್ತೇಳು ವರ್ಷಗಳಲ್ಲಿ ಬಂದಿಲ್ಲ. ಉಳಿದದ್ದು ಒಂದೇ ಮನೆ: ನನ್ನ ಹಳೆಯ ಶತ್ರು ಮಹಾದೇವಪ್ಪ ಮಾಸ್ತರನದು.

ಈ ಶತ್ರುತ್ವದ ಮೂಲ ಹೇಳಬೇಕು. ಸಾಲೆಯಲ್ಲಿ ರೋಮ್ ಮತ್ತು ಪರ್ಷಿಯಾದ ಯುದ್ಧಗಳನ್ನು ಕಲಿಸುವಾಗ ನಮ್ಮ ಮಾಸ್ತರರು ವರ್ಗವನ್ನು ಎರಡು ಮಾಡಿದ್ದರು. ಕಿಟಕಿಯ ಕಡೆಯ ಬೆಂಚುಗಳು ರೋಮ್, ಗೋಡೆಯ ಕಡೆಯವು ಪರ್ಷಿಯಾ. ಸೆಕೆ ತಡೆಯದೆ ಕಿಟಕಿಯ ಬಳಿ ಕೂತಿದ್ದ ನಾನು ರೋಮನ್ ಆದೆ. ಗೋಡೆಗೊರಗಿ ಕೂತಿದ್ದ ಮಹಾದೇವಪ್ಪ ಪರ್ಷಿಯನ್ ಆದ. ಆ ಎರಡು ರಾಜ್ಯಗಳು ಏಳುನೂರು ವರ್ಷ ಕಾದಾಡಿದವು. ಅವೇ ಊರುಗಳನ್ನು ಗೆದ್ದವು, ಕಳೆದುಕೊಂಡವು, ಮತ್ತೆ ಗೆದ್ದವು. ಕಡೆಗೆ ಅರಬರು ಬಂದಾಗ ಎರಡಕ್ಕೂ ಉಸಿರು ಉಳಿದಿರಲಿಲ್ಲ. ಉಳಿದ ಹುಡುಗರು ಪರೀಕ್ಷೆಯ ಮರುದಿನವೇ ಇದನ್ನೆಲ್ಲ ಮರೆತರು. ನಾವಿಬ್ಬರು ಮರೆಯಲಿಲ್ಲ. ನನ್ನ ಮದುವೆಯ ಪಂಕ್ತಿಯಲ್ಲಿ ಅವನು ಬಾಳೆಲೆಯ ಮೇಲೆ ಸಾರು ಹರಿಸಿ, ಇದು ಟೈಗ್ರಿಸ್ ನದಿ ಎಂದು, ನನ್ನ ಅನ್ನದ ಕೋಟೆಯನ್ನು ಉರುಳಿಸಿದ್ದ.

ಆರು ವರ್ಷದ ಕೆಳಗೆ ನಗೆ ನಿಂತಿತು. ಒಬ್ಬ ರೋಮನ್ ಸಾಮ್ರಾಟ ಸಾಯುವಾಗ, ತನ್ನವರೇ ಎಳೆಯ ಮಗನನ್ನು ಕೆಡಿಸಿಯಾರೆಂದು ಹೆದರಿ, ಪರ್ಷಿಯಾದ ದೊರೆಯನ್ನೇ ಅವನ ಪಾಲಕನನ್ನಾಗಿ ಮಾಡಿದನಂತೆ. ದೊರೆ ಮಾತು ಉಳಿಸಿಕೊಂಡನಂತೆ. ಮಹಾದೇವಪ್ಪನಿಗೆ ಈ ಕಥೆಯೆಂದರೆ ಪ್ರಾಣ. ಅವನ ವಿದ್ಯಾರ್ಥಿಗಳೆದುರೇ ನಾನು ಅದನ್ನು ಬರೀ ಬಡಾಯಿ ಎಂದೆ. ಅಂದಿನಿಂದ, ತಿಂಗಳಿಗೊಮ್ಮೆ ಬರುತ್ತಿದ್ದ ಅವನ ಅಂಚೆ ಕಾರ್ಡು ನಿಂತಿತು.

ರೈಲಿನ ಡಬ್ಬಿಯಲ್ಲಿ ಎಲ್ಲರೂ ಜರ್ಮನಿಯ ಯುದ್ಧದ ಮಾತಾಡುತ್ತಿದ್ದರು. ನಾನೊಬ್ಬನೇ ಸಾವಿರದೈನೂರು ವರ್ಷ ಹಳೆಯ ಯುದ್ಧದ ಚಿಂತೆಯಲ್ಲಿದ್ದೆ. ಉಣಕಲ್ ಕೆರೆಯ ಮೇಲೆ ಜಿಟಿಜಿಟಿ ಮಳೆ ಹಿಡಿದಿತ್ತು.

“ಅಪ್ಪಾ, ಅವರು ಒಲ್ಲೆ ಅಂದ್ರ?” ಎಂದು ಶಾಂತಾ ಕೇಳಿದಳು.

“ದೊಡ್ಡಪ್ಪನ ಮನಿ ಐತಲ್ಲ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಟಾಂಗಾ ನಿಂತಾಗ ಮಹಾದೇವಪ್ಪ ಕಟ್ಟೆಯ ಮೇಲೆ ಅಡಕೆ ಕತ್ತರಿಸುತ್ತಿದ್ದ. ಟ್ರಂಕು ನೋಡಿದ, ನನ್ನನ್ನು ನೋಡಿದ. “ಏನಪಾ ರೋಮ್, ಸಾಮಾನು ಸಮೇತ ದಂಡೆತ್ತಿ ಬಂದಿಯಲ್ಲ?”

ದಾರಿಯುದ್ದ ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಾಗಲಿಲ್ಲ. “ಆ ಕಥಿ ಖರೇ ಇರಬೇಕೋ, ಮಹಾದೇವಾ,” ಎಂದುಬಿಟ್ಟೆ.

ಅವನು ಅಡಕತ್ತರಿ ಕೆಳಗಿಟ್ಟ. “ಸುಳ್ಳು ಅದು. ನೀ ಅಂದದ್ದ ಖರೇ. ಕಾರ್ಡ್ ಬರೀಬೇಕಂದ್ರ ಕೈ ಏಳಲಿಲ್ಲ.”

ನನ್ನನ್ನು ಸೋಲಿಸಲೆಂದೇ ಅವನು ಆರು ವರ್ಷ ಓದಿದ್ದನಂತೆ. ಕಥೆ ಬರೆದವನು ಆ ಸಾಮ್ರಾಟ ಸತ್ತು ನೂರು ವರ್ಷಕ್ಕೂ ಮಿಕ್ಕಿ ಆಮೇಲಿನವನು. ಅವನ ನಂತರ ಬಂದ ಇನ್ನೊಬ್ಬ ಗ್ರಂಥಕಾರನು ಅದನ್ನು ನಂಬಿರಲೇ ಇಲ್ಲ. ಆದರೆ ಈಗ ನನಗೆ ಆ ಕಥೆ ಬೇಕಾಗಿತ್ತು. ಹೆದರಿದ ತಂದೆ ಏನೇನು ಮಾಡುತ್ತಾನೆಂದು ಗ್ರಂಥಕಾರರಿಗೇನು ಗೊತ್ತು ಎಂದು ವಾದಕ್ಕಿಳಿದೆ. ಅರ್ಧ ಗಂಟೆಯಲ್ಲಿ ನಾವಿಬ್ಬರೂ ಬೆಂಚು ಬದಲಿಸಿ ಕೂಗಾಡುತ್ತಿದ್ದೆವು. ಬಂದ ಕೆಲಸ ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.

ಅದನ್ನು ಶಾಂತಾ ಹೇಳಿದಳು, ಮಹಾದೇವಪ್ಪನ ಹೆಂಡತಿ ನೀಲಕ್ಕನಿಗೆ, ಬಾಗಿಲಲ್ಲಿ ನಿಂತು: ತನಗೆ ಓದಬೇಕಾಗಿದೆ, ದೊಡ್ಡಪ್ಪನ ಮನೆಯಲ್ಲಿ ಅದು ಆಗುವುದಿಲ್ಲ, ಅಪ್ಪನಿಗೆ ಕೇಳಲು ಅಂಜಿಕೆ. ನೀಲಕ್ಕ ಗಂಡನ ಮುಖವನ್ನೂ ನೋಡಲಿಲ್ಲ.

“ಹಿತ್ತಲ ಖೋಲಿ ಖಾಲಿ ಐತಿ, ಬಾ ನನ್ನವ್ವ. ಇವರದು ಏಳ್ನೂರು ವರ್ಷದ್ದು, ಇವತ್ತ ಮುಗಿಯಂಗಿಲ್ಲ.”

ಊಟಕ್ಕೆ ಕೂತಾಗ ಮಹಾದೇವಪ್ಪ ನನ್ನ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡ.

ನಾಲ್ಕರ ರೈಲಿಗೆ ಕಳಿಸಲು ಅವನೂ ಬಂದ. ಅಣ್ಣನಿಗೆ ಸುದ್ದಿ ಮುಟ್ಟುವ ಮೊದಲು ಹೇಗೆ ಕಾಗದ ಬರೆಯಲಿ, ‘ತೀರ್ಥರೂಪ’ದ ಮುಂದಿನ ಸಾಲೇ ಹೊಳೆಯುತ್ತಿಲ್ಲ ಎಂದು ಕಿಟಕಿಯೊಳಗಿಂದ ಗೋಳಾಡಿದೆ.

“ನೀ ಏನೂ ಬರೀಬ್ಯಾಡ,” ಎಂದ. “ಹುಡುಗನ ತಂಟೆಗೆ ಹೋದ್ರ ಯುದ್ಧ ಅಂತ ಆ ಪರ್ಷಿಯಾದ ದೊರಿ ರೋಮಿನ ದರ್ಬಾರಕ್ಕ ಕಾಗದ ಬರದಿದ್ದ. ನಿಮ್ಮ ಅಣ್ಣನ ಮನಿ ಇಲ್ಲಿಂದ ಎರಡ ಓಣಿ ಆಚೆ. ನಾ ನಡಕೊಂತ ಹೋಗಿ ಹೇಳತೇನಿ.”

“ಕಥಿ ಸುಳ್ಳು ಅಂದಿದ್ದಿ.”

“ಕಥಿ ಸುಳ್ಳ. ಕಾಗದ ಛಲೋ ಇತ್ತು.”

ರೈಲು ಹೊರಟಿತು. ಕಿಟಕಿಯಿಂದ ಹಣಿಕಿ ನೋಡಿದೆ. ಸ್ಟೇಶನ್ನಿನ ಹೊರಗೆ ಎಡಕ್ಕೆ ಹೋದರೆ ಅವನ ಮನೆ, ಬಲಕ್ಕೆ ಹೋದರೆ ಅಣ್ಣನದು. ಮಳೆಗೆ ಧೋತರ ಎತ್ತಿ ಕಟ್ಟಿಕೊಂಡು ಮಹಾದೇವಪ್ಪ ಬಲಕ್ಕೆ ಹೊರಳಿದ.