ವಿಭೂತಿ ಹಚ್ಚಿದ ಕನ್ನಡಿ

ನೆನೆಸಿದ ಹುಣಸೆಹಣ್ಣಿಗೆ ಒಲೆಯ ಬೂದಿ ಬೆರೆಸಿ ಹಿತ್ತಾಳೆ ತಿಕ್ಕುವಾಗ ಒಂದು ವಾಸನೆ ಬರುತ್ತದೆ. ಹುಳಿ ಅನ್ನೋಣವೆಂದರೆ ಬರೀ ಹುಳಿಯಲ್ಲ, ಕಮಟು ಅನ್ನೋಣವೆಂದರೆ ಅದೂ ಅಲ್ಲ... ಇವತ್ತು ಮಹಾನವಮಿ. ಬೆಳಿಗ್ಗೆ ಹಾಲಿಟ್ಟುಕೊಂಡು ನಿಂತಿದ್ದೆ. ಕೆಳಗಿನ ಮನೆಯ ಬಚ್ಚಲಿನಿಂದ ಆ ವಾಸನೆ ಮೆಟ್ಟಿಲೇರಿ ಬಂತು. ನನಗೆ ಒಲೆಯ ಮೇಲಿನ ಧ್ಯಾನ ತಪ್ಪಿ ಹಾಲು ಉಕ್ಕಿಹೋಯಿತು. ಪ್ರತಿ ವರ್ಷದ ಕತೆಯೇ ಇದು. ಊರಿಗೆಲ್ಲ ಆಯುಧಪೂಜೆ ಅಂದರೆ ಚೆಂಡುಹೂವು, ಬೂದುಗುಂಬಳಕಾಯಿ, ತೊಳೆದು ನಿಲ್ಲಿಸಿದ ಸ್ಕೂಟರು. ನನಗೆ ಕೆಳಗಿನ ಮನೆಯ ಮಾಮ ಮತ್ತು ಅವರ ಕನ್ನಡಿ.

ಮಾಮ ನನಗೆ ನೆಂಟರಲ್ಲ, ಮನೆಯ ಮಾಲೀಕರು. ಹೊಳಗುಂದದ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಗೆ ಟೀಚರಾಗಿ ಸೇರಿದ ಹೊಸತರಲ್ಲಿ ಆದೋನಿಯಲ್ಲಿ ಬಾಡಿಗೆ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ದೆ. ಒಂಟಿ ಹೆಂಗಸೆಂದರೆ ಎಲ್ಲರೂ ಮುಖ ತಿರುಗಿಸುವವರೇ. ಮಾಮನ ಹೆಂಡತಿ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಪ್ರಶ್ನೆ ಕೇಳಿದರು.

“ಅಮಾಸಿ ಹಿಡಿತೀಯೇನವ್ವಾ?”

ಹಿಡಿಯುತ್ತೇನೆ ಅಂದೆ. ಹಿಡಿಯುತ್ತಿರಲಿಲ್ಲ, ಆದರೆ ಮನೆ ಬೇಕಿತ್ತಲ್ಲ! ಅವತ್ತೇ ಕೀಲಿಕೈ ಕೊಟ್ಟರು. ಅವರನ್ನು ಅತ್ತೆ ಅನ್ನುತ್ತ ಬಂದೆ. ಅಮಾವಾಸ್ಯೆ ಬಂದರೆ ಆ ಮನೆಯಲ್ಲಿ ಕಟ್ಟುನಿಟ್ಟು. ಹೊಸ ಕೆಲಸ ಹಿಡಿಯಬಾರದು, ಕೇಳಿದವರಿಗೆ ಮಜ್ಜಿಗೆ ಕೊಡಬಾರದು, ಸಂಜೆಯಾದ ಮೇಲೆ ಊರು ದಾಟಬಾರದು. ಮನೆಯ ಯಜಮಾನರು ಮಾತ್ರ ಅದೇ ಸಂಜೆ ಹೆಗಲ ಮೇಲೆ ಟೆಲಿಸ್ಕೋಪು ಹೊತ್ತುಕೊಂಡು ಊರು ದಾಟುತ್ತಿದ್ದರು. ಅತ್ತೆ ಅದಕ್ಕೆ ಅಮಾಸಿ ಕೊಳವಿ ಅಂತ ಹೆಸರಿಟ್ಟಿದ್ದರು.

“ಊರಮಂದಿ ಅಮಾಸಿಗೆ ಗುಡಿಗೆ ಹೋಗ್ತಾರ, ನಮ್ಮೋರು ಕತ್ತಲಿಗೆ ಹೋಗ್ತಾರ. ನನ್ನ ಕರ್ಮ!” ಎಂದು ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಅನ್ನುತ್ತಿದ್ದರು. ಮಾಮ ನಗುತ್ತಲೇ ಹೋಗುತ್ತಿದ್ದರು.

ಮಾಮನದು ಹತ್ತಿ ದಲಾಲಿ ಅಂಗಡಿ. ಹಗಲೆಲ್ಲ ಮಾರ್ಕೆಟ್ ಯಾರ್ಡಿನ ಗಲಾಟೆಯಲ್ಲಿ ಗಂಟಲು ಹರಿದುಕೊಂಡು, ಸಂಜೆ ಹುಬ್ಬಿಗೆ ಕಿವಿಗೆ ಅರಳೆ ಅಂಟಿಸಿಕೊಂಡು ಬರುತ್ತಿದ್ದರು. ಚಂದ್ರನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಬೆಳಕು ಚೆಲ್ಲಿ ಕೆಲಸ ಕೆಡಿಸ್ತಾನ ಅನ್ನುತ್ತಿದ್ದರು. ಅವರಿಗೆ ಬೇಕಾದದ್ದು ಗ್ಯಾಲಕ್ಸಿಗಳು. ನಮ್ಮ ಆಕಾಶಗಂಗೆಯಂಥವೇ ಬೇರೆ ಗಂಗೆಗಳು, ಎಷ್ಟೋ ದೂರದಲ್ಲಿ, ಎಷ್ಟು ಮಸುಕೆಂದರೆ ಚಂದ್ರನೂ ಇಲ್ಲದ ದೀಪವೂ ಇಲ್ಲದ ಕಡೆ ಮಾತ್ರ ಕಣ್ಣಿಗೆ ಬೀಳುವಂಥವು. ನಮ್ಮ ಶಾಲೆಯ ಹಿಂದೆ ಒಂದು ಕಲ್ಲುಗುಡ್ಡವಿದೆ, ಅಲ್ಲಿಯ ಕತ್ತಲಿಗೆ ನಮ್ಮ ಕೈ ನಮಗೇ ಕಾಣುವುದಿಲ್ಲ ಎಂದು ನಾನು ಮಾತಿಗೆ ಹೇಳಿದ್ದೇ ತಡ, ಮುಂದಿನ ಅಮಾವಾಸ್ಯೆಯಿಂದ ಆ ಗುಡ್ಡವೇ ಅವರ ಜಾಗವಾಯಿತು. ಒಂದು ಸಲ ನನ್ನನ್ನೂ ಕರೆದೊಯ್ದರು. ತ್ರಿಕೋನ ಎಂಬ ಸಣ್ಣ ನಕ್ಷತ್ರಗುಂಪಿನ ಪಕ್ಕಕ್ಕೆ ಕೊಳವೆ ತಿರುಗಿಸಿ, ನೋಡು ಅಂದರು. ನೋಡಿದೆ. ಏನೂ ಇಲ್ಲ!

“ನೇರ ನೋಡಿದ್ರ ಓಡಿಹೋಗತೈತಿ ಟೀಚರಮ್ಮ. ಬಾಜುದ ಚುಕ್ಕಿ ನೋಡಿದಂಗ ಮಾಡು, ಓರೆಗಣ್ಣಾಗ ಹಿಡಿ.”

ಹಾಗೆ ಮಾಡಿದಾಗ ಒಂದು ಕಲೆ ಕಂಡಿತು. ಸ್ಲೇಟಿನ ಮೇಲಿನ ಬಳಪವನ್ನು ಅಂಗೈಯಲ್ಲಿ ಒರೆಸಿದರೆ ಉಳಿಯುತ್ತದಲ್ಲ, ಅಷ್ಟು. ಇಷ್ಟೇನಾ ಮಾಮ ಅಂದೆ. ನನ್ನ ಬಾಯಿ ಮೊದಲಿಂದಲೂ ಹಾಗೆಯೇ.

“ಇಷ್ಟ. ಆದ್ರ ಇದರೊಳಗ ಸುಳಿ ಐತಿ. ಎತ್ತಿನ ಹಣಿ ಮ್ಯಾಲ ಇರತೈತಲ್ಲ, ಹಂಗ ಸುತ್ತಿಕೊಂಡು... ಫೋಟೋದಾಗ ನೋಡೀನಿ. ನನ್ನ ಕಣ್ಣಾಗ ನೋಡಬೇಕು. ಇದಕ್ಕ ದೊಡ್ಡ ಕನ್ನಡಿ ಬೇಕು.”

ಆಗಲೇ ಅವರ ಎಡಗಣ್ಣು ಸಕ್ಕರೆ ಕಾಯಿಲೆಗೆ ಹೋಗಿತ್ತು. ಬಲಗಣ್ಣಿಗೂ ಅದೇ ಗತಿ, ಸ್ವಲ್ಪ ಕಾಲ ಅಷ್ಟೇ ಎಂದು ಕರ್ನೂಲಿನ ಡಾಕ್ಟರು ಹೇಳಿದ್ದರು. ಹೋದರೆ ಹೋಗಲಿ, ಆ ಸುಳಿ ಒಂದು ಸಲ ನೋಡಿದ ಮೇಲೆ ಹೋಗಲಿ ಎಂಬುದೊಂದೇ ಮಾಮನ ಹಟ. ಮನೆ, ಅಂಗಡಿ, ಮಗಳ ಮದುವೆ ಎಲ್ಲವನ್ನೂ ಮಾಡಿ ಮುಗಿಸಿದ ಮನುಷ್ಯ ತನಗಾಗಿ ಕೇಳಿದ್ದು ಅಷ್ಟೇ. ಕೇಳಬಾರದ್ದೇನೂ ಅಲ್ಲವಲ್ಲ.

ದೊಡ್ಡ ಕನ್ನಡಿಯನ್ನು ತಾವೇ ಮಾಡಲು ಕೂತರು. ರೊಟ್ಟಿ ತಟ್ಟುವ ಕಲ್ಲಿನಷ್ಟು ಅಗಲದ ಎರಡು ದಪ್ಪ ಗಾಜು ತರಿಸಿದರು. ಅಂಗಳದಲ್ಲಿ ಎಣ್ಣೆಯ ಖಾಲಿ ಡ್ರಮ್ಮು ನಿಲ್ಲಿಸಿ, ಅದರ ಮೇಲೆ ಒಂದು ಗಾಜು ಕೂರಿಸಿ, ನಡುವೆ ಸಾಣೆಪುಡಿ ನೀರು ಹಾಕಿ, ಮೇಲೆ ಇನ್ನೊಂದು ಗಾಜಿಟ್ಟು ತಿಕ್ಕಬೇಕು. ತಿಕ್ಕುತ್ತ ಡ್ರಮ್ಮಿನ ಸುತ್ತ ನಡೆಯುತ್ತಲೇ ಇರಬೇಕು, ಇಲ್ಲದಿದ್ದರೆ ಗುಂಡಗೆ ಸವೆಯುವುದಿಲ್ಲವಂತೆ. ಅತ್ತೆಗೆ ಇದಕ್ಕಿಂತ ಬೇರೆ ಬೇಕೇ?

“ಗುಡಿಗೆ ಬರ್ರಿ ಅಂದ್ರ ಮೊಣಕಾಲು ನೋವು. ಎಣ್ಣಿ ಡ್ರಮ್ಮಿಗೆ ನೋಡು, ಹೆಂಗ ಪ್ರದಕ್ಷಿಣಿ ಹಾಕ್ತಾರ!”

ಎರಡು ವರ್ಷ ಹಾಕಿದರು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ. ಆ ಗರಗರ ಸಪ್ಪಳ ಕೇಳದಿದ್ದರೆ ನನಗೆ ಬೆಳಗಾಯಿತೆಂದೇ ಅನಿಸುತ್ತಿರಲಿಲ್ಲ. ಮರಳಿನಷ್ಟು ದಪ್ಪ ಪುಡಿ ಹೋಗಿ ಹಿಟ್ಟಿನಂಥ ಪುಡಿ ಬಂತು, ಹಿಟ್ಟು ಹೋಗಿ ಕೆಂಪು ಪಾಲಿಶು ಬಂತು. ಕೊನೆಗೆ ಮೇಲಿನ ಗಾಜನ್ನು ದೂರದ ಊರಿಗೆ ಕಳಿಸಿ, ಅದರ ಮುಖಕ್ಕೆ ಬೆಳ್ಳಿಯಂಥ ಲೇಪ ಹಾಕಿಸಿ ತಂದರು. ಮನೆಯ ಕನ್ನಡಿಗೆ ಲೇಪ ಬೆನ್ನಿಗಿರುತ್ತದೆ, ಮುಂದಿನ ಗಾಜನ್ನು ಹೇಗೆ ಬೇಕಾದರೂ ಒರೆಸಬಹುದು. ಟೆಲಿಸ್ಕೋಪಿನ ಕನ್ನಡಿಗೆ ಲೇಪ ಮುಖದ ಮೇಲೆಯೇ, ಉಸಿರು ತಾಗಿದರೂ ಭಯ. ಮಾಮ ಅದನ್ನು ತಮ್ಮ ಅಂಗಡಿಯ ಒಳ್ಳೇ ಹತ್ತಿಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿಟ್ಟು, ಯಾರೂ ಮುಟ್ಟಬ್ಯಾಡ್ರಿ ಎಂದರು. ಯಾಕೆಂದು ಬಿಡಿಸಿ ಹೇಳಲಿಲ್ಲ. ನನಗೆ ಹೇಳಿದ್ದರು, ಅತ್ತೆಗೆ ಹೇಳಲಿಲ್ಲ... ಆಕೆ ಎಂದೂ ಅದರ ಗೊಡವೆಗೆ ಹೋದವರೇ ಅಲ್ಲವಲ್ಲ. ಮಹಾಲಯ ಅಮಾವಾಸ್ಯೆಗೆ ಮೋಡ ಕವಿದಿತ್ತು. ದೀಪಾವಳಿ ಅಮಾವಾಸ್ಯೆಗೆ ನೋಡೋಣ ಎಂದು ದಿನ ಎಣಿಸುತ್ತ ಕೂತರು.

ನಡುವೆ ಮಹಾನವಮಿ ಬಂತು. ಮಾಮ ಅಂಗಡಿಯ ಪೂಜೆಗೆ ಹೋಗಿದ್ದರು. ಕಾಯಿ ಒಡೆಯುವ ಹೊತ್ತಾಯಿತು ಬಾ ಎಂದು ಅತ್ತೆ ಕೂಗಿದ್ದಕ್ಕೆ ಕೆಳಗಿಳಿದೆ. ದೇವರ ಮುಂದಿನ ಮಣೆಯ ಮೇಲೆ ಈಳಿಗೆ, ಸುತ್ತಿಗೆ, ಹೊಲಿಗೆ ಮಿಷನ್ನಿನ ಕತ್ತರಿ, ಹಳೇ ತಕ್ಕಡಿ. ನಡುವೆ ಗೋಡೆಗೊರಗಿಸಿ ಕೂರಿಸಿದ್ದ ಕನ್ನಡಿ. ಅದರ ಮೇಲೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೊಂದು ಚೆಂಡುಹೂವು. ಹತ್ತಿರ ಹೋಗಿ ನೋಡಿದೆ. ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ್ದರು. ಲೇಪ ಅಲ್ಲಲ್ಲಿ ಎದ್ದು ಹೋಗಿತ್ತು. ಉಳಿದ ಕಡೆ ಗೀರುಗಳು, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು.

“ಇಷ್ಟು ವರ್ಷ ಎಲ್ಲಾದಕ್ಕೂ ಪೂಜಿ ಮಾಡಿದೆ, ಇದನ್ನೊಂದ ಬೈಕೋತ ಬಂದೆ,” ಅಂದರು ಅತ್ತೆ. ಕಣ್ಣು ತುಂಬಿತ್ತು. “ಅದಕ್ಕ ಸಿಟ್ಟು ಬಂದು ಅವರ ಕಣ್ಣು ತಿನ್ನಾಕತ್ತೈತಿ. ನನ್ನ ಕೈಯಾರ ತೊಳದು, ತಪ್ಪಾತು, ಅವರ ಕಣ್ಣು ಉಳಸು ಅಂತ ಬೇಡಿಕೊಂಡೀನವ್ವಾ.”

ಅಷ್ಟರಲ್ಲಿ ಮಾಮ ಬಂದರು. ಹೊಸ್ತಿಲಲ್ಲೇ ನಿಂತರು. ಉಳಿದ ಒಂದು ಕಣ್ಣಿನಲ್ಲಿ ಆ ಮಣೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಕೂಗಾಡುತ್ತಾರೆ, ಈಗ ಈ ಮನೆ ಎರಡಾಗುತ್ತದೆ ಅಂದುಕೊಂಡೆ. ಅತ್ತೆ ತೆಂಗಿನಕಾಯಿ ಚಾಚಿ, “ಜಲ್ದಿ ಒಡೀರಿ, ರಾಹುಕಾಲ ಬರತೈತಿ” ಅಂದರು. ಮಾಮ ಕಾಲು ತೊಳೆದು ಬಂದು ಕಾಯಿ ಒಡೆದರು. ಕನ್ನಡಿಗೆ ಮಂಗಳಾರತಿಯನ್ನೂ ಎತ್ತಿದರು.

ಆ ಸಂಜೆ ಮೆಟ್ಟಿಲ ಮೇಲೆ ಕೂತಿದ್ದವರನ್ನು ಕೇಳಿದೆ, ಮತ್ತೆ ಸರಿಮಾಡಲು ಆಗದೇ ಎಂದು.

“ಆಗತೈತಿ. ಮತ್ತ ತಿಕ್ಕಿ, ಮತ್ತ ಲೇಪ ಹಾಕಿಸಿದ್ರ ಬರೋ ವರ್ಷಕ್ಕ ಆಗತೈತಿ. ಬರೋ ವರ್ಷಕ್ಕ ಕಣ್ಣೆಲ್ಲೈತಿ?”

“ಅತ್ತೆಗೆ ಹೇಳಬೇಕಿತ್ತು ಮಾಮ.”

“ಏನಂತ ಹೇಳ್ಲಿ? ನನ್ನ ಕಣ್ಣು ಉಳೀಲಿ ಅಂತ ತೊಳದಾಳ ಆಕಿ. ನೀ ತೊಳದಿದ್ದಕ್ಕ ನನಗ ಇದ್ದಿದ್ದೂ ಹೋತು ಅನ್ನಲೇನು? ನೀನೂ ಬಾಯಿ ಬಿಡಬ್ಯಾಡ.”

ದೀಪಾವಳಿಯ ಅಮಾವಾಸ್ಯೆ ಬಂತು. ಅಂಗಡಿಯ ಲಕ್ಷ್ಮೀಪೂಜೆಯನ್ನು ಬೆಳಕಿರುವಾಗಲೇ ಮುಗಿಸಿ, ಆ ಗೀರು ಬಿದ್ದ ಕನ್ನಡಿಯನ್ನೇ ಹೊಸ ಕೊಳವೆಯಲ್ಲಿ ಕೂರಿಸಿ, ಒಂದು ಆಟೋ ಮಾಡಿಕೊಂಡು ಮಾಮ ಹೊರಟರು. ಜೊತೆಗೆ ನಾನು. ಮತ್ತು ಅತ್ತೆ! ಜನ್ಮದಲ್ಲಿ ಮೊದಲ ಸಲ ಅಮಾವಾಸ್ಯೆಯ ಸಂಜೆ ಊರು ದಾಟಿದರು, ಸೆರಗಿನಲ್ಲಿ ವಿಭೂತಿಗಟ್ಟಿ ಕಟ್ಟಿಕೊಂಡು. ಗುಡ್ಡದ ಮೇಲೆ ಎಂಥ ಆಕಾಶವಿತ್ತು ಅಂದುಕೊಂಡಿರಿ! ಆಕಾಶಗಂಗೆ ಈ ಕಡೆಯಿಂದ ಆ ಕಡೆಗೆ ಹರಿದಿತ್ತು. ಆ ಸುಳಿ ನೋಡಲು ಅದಕ್ಕಿಂತ ಒಳ್ಳೆಯ ರಾತ್ರಿ ಮತ್ತೆ ಬರಲಿಲ್ಲ.

ಮಾಮ ಮೊದಲು ನನಗೆ ತೋರಿಸಿದರು. ಒಂದೊಂದು ನಕ್ಷತ್ರಕ್ಕೂ ಗಡ್ಡ ಬಂದಂತೆ ಬೆಳಕು ಹರಡಿತ್ತು. ಗ್ಯಾಲಕ್ಸಿ ಇರಬೇಕಾದ ಕಡೆ ಬರೀ ಬೂದಿಬಣ್ಣ. ನೇರ ನೋಡಿದೆ, ಓರೆಯಾಗಿ ನೋಡಿದೆ, ಹಳೆಯ ಕೊಳವೆಯಲ್ಲಿ ಕಂಡಿದ್ದ ಆ ಕಲೆಯೂ ಇಲ್ಲ. ಆಮೇಲೆ ಅವರು ಕಣ್ಣಿಟ್ಟರು. ಎಷ್ಟೋ ಹೊತ್ತು ಹಾಗೇ ಇದ್ದರು... ಅತ್ತೆ ಮೆಲ್ಲಗೆ ಕೇಳಿದರು.

“ಏನ್ರಿ, ಕಾಣವಲ್ದೇನು?”

“ಕಾಣತೈತಿ,” ಅಂದರು ಮಾಮ. “ಸುಳಿ ಕಾಣತೈತಿ. ಎತ್ತಿನ ಹಣಿ ಸುಳಿ ಇದ್ದಂಗ... ನಡುವ ಬೆಳ್ಳಗ, ಎರಡು ಎಳಿ ಹಿಂಗ ಸುತ್ತಿಕೊಂಡು ಹೋಗ್ಯಾವು. ಎಷ್ಟು ಚಂದ ಐತಿ ಅಂತೀ.”

ಅತ್ತೆ ಗೊಳೋ ಎಂದು ಅತ್ತರು. ಕಾಣುತ್ತದೆ ಎಂದರೆ ಕಣ್ಣು ಉಳಿಯಿತು ಎಂದೇ ಅವರ ಲೆಕ್ಕ. ತಾವೂ ಬಗ್ಗಿ ನೋಡಿ, ಹೌದ್ರಿ, ಬೆಳ್ಳಗೈತಿ ಅಂದರು. ಕೊಳವೆಗೆ ಕೈ ಮುಗಿದರು. ಹಿಂದಕ್ಕೆ ಬರುವಾಗ ಆಟೋದಲ್ಲಿ ಅತ್ತೆ ಒಂದು ಗಳಿಗೆಯೂ ಬಾಯಿ ಮುಚ್ಚಲಿಲ್ಲ.

ಯುಗಾದಿಯ ಹೊತ್ತಿಗೆ ಮಾಮನಿಗೆ ತಟ್ಟೆಯಲ್ಲಿನ ರೊಟ್ಟಿಯೂ ಕಾಣದಾಯಿತು. ನವಮಿಗೊಂದು ಸಲ ತೊಳೆದರೆ ಸಾಲದೇನೋ ಎಂದುಕೊಂಡ ಅತ್ತೆ ಪ್ರತಿ ಅಮಾವಾಸ್ಯೆಗೂ ಕನ್ನಡಿ ತೊಳೆಯಲು ಹಿಡಿದರು. ಅದೇ ಹುಣಸೆಹಣ್ಣು, ಅದೇ ಬೂದಿ. ಮಾಮ ಪಡಸಾಲೆಯ ಮಂಚದ ಮೇಲೆ ಕೂತು ಬಚ್ಚಲಿನ ಆ ತಿಕ್ಕುವ ಸಪ್ಪಳ ಕೇಳುತ್ತಿದ್ದರು. ಡ್ರಮ್ಮಿನ ಸುತ್ತ ತಾವು ತಿಕ್ಕುತ್ತಿದ್ದಾಗಲೂ ಹೆಚ್ಚುಕಡಿಮೆ ಅಂಥದೇ ಸಪ್ಪಳ. ನನಗಂತೂ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಏನಾದರೂ ನೆಪ ಹೇಳಿ ಮೇಲಕ್ಕೆ ಬಂದುಬಿಡುತ್ತಿದ್ದೆ. ಕೆಲವು ವರ್ಷ ಹಾಗೇ ಕೂತಿದ್ದರು. ಒಂದು ದಿನ ಇಲ್ಲವಾದರು. ಆಮೇಲೆ ಕನ್ನಡಿ ತೊಳೆಯುವುದು ಮತ್ತೆ ನವಮಿಗೊಂದು ಸಲ ಮಾತ್ರ ಆಯಿತು.

ಕಳೆದ ವರ್ಷ ನಾನು ನಿವೃತ್ತಳಾದೆ. ಶಾಲೆಯ ಹಿಂದಿನ ಗುಡ್ಡ ಅಲ್ಲೇ ಇದೆ, ಆದರೆ ಸುತ್ತ ಗಾಳಿಯಂತ್ರಗಳು ಎದ್ದಿವೆ. ಕತ್ತಲಾದರೆ ಅವುಗಳ ತಲೆಯ ಕೆಂಪು ದೀಪಗಳು ಒಟ್ಟಿಗೆ ಮಿಣುಕುತ್ತವೆ. ಕೆಳಗೆ ಕರೆಂಟಿನ ಸ್ಟೇಷನ್ನು, ಅದಕ್ಕೆ ಇಡೀ ರಾತ್ರಿ ಹಗಲಿನಂಥ ಬೆಳಕು. ಈಗ ಅಲ್ಲಿ ಎಂಥ ಕನ್ನಡಿ ತಂದಿಟ್ಟರೂ ಸುಳಿ ಕಾಣಲಾರದು. ನಾವು ಮೂವರೂ ಅದನ್ನು ನೋಡಲಿಲ್ಲ. ಇನ್ನು ನೋಡುವುದೂ ಇಲ್ಲ.

ಉಕ್ಕಿದ ಹಾಲು ಒರೆಸುತ್ತಿರುವಾಗಲೇ ಕೆಳಗಿನಿಂದ ಅತ್ತೆಯ ಕೂಗು ಬಂತು. ಈಗ ಅಂಗಡಿ ನೋಡಿಕೊಳ್ಳುವ ಅವರ ಮಗಳು ಅಳಿಯ ಅಲ್ಲಿಯ ಪೂಜೆಗೆ ಹೋಗಿದ್ದರು. ಅತ್ತೆಗೆ ಆ ಭಾರದ ಗಾಜು ಎತ್ತಲಾಗದು. ಪೆಟ್ಟಿಗೆಯಿಂದ ತೆಗೆದು ಬಚ್ಚಲ ಕಲ್ಲಿನ ಮೇಲಿಟ್ಟುಕೊಟ್ಟೆ. ಅವರು ತಿಕ್ಕಿದರು, ನಾನು ಚೊಂಬಿನಿಂದ ನೀರು ಹೊಯ್ದೆ.

“ನೀನೂ ನೋಡಿದ್ದೆಲ್ಲವ್ವಾ ಅವತ್ತು. ಹೆಂಗಿತ್ತು, ಇನ್ನೊಂದ್ಸಲ ಹೇಳು.”

ಪ್ರತಿ ವರ್ಷ ಕೇಳುತ್ತಾರೆ. ಪ್ರತಿ ವರ್ಷ ಹೇಳುತ್ತೇನೆ. “ಎತ್ತಿನ ಹಣಿ ಸುಳಿ ಇದ್ದಂಗ ಇತ್ತು ಅತ್ತಿ. ನಡುವ ಬೆಳ್ಳಗ, ಎರಡು ಎಳಿ ಸುತ್ತಿಕೊಂಡು...”

ಅತ್ತೆ ಗಾಜನ್ನು ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿದರು. ಲೇಪದ ಒಂದು ಚೂರೂ ಉಳಿದಿಲ್ಲ. ಹಿಂದೆ ಹಿಡಿದಿದ್ದ ಅವರ ಬೆರಳುಗಳು, ಬಳೆ, ಎಲ್ಲವೂ ಈ ಕಡೆಗೆ ಕಾಣುತ್ತಿದ್ದವು.

“ಎಷ್ಟು ತಿಳಿಯಾಗೈತಿ ನೋಡು! ನನ್ನ ಕೈ ಆರಪಾರ ಕಾಣತೈತಿ. ಈಗ ಅವರಿದ್ದು ನೋಡಿದ್ರ ಇನ್ನೂ ಚಂದ ಕಾಣತಿತ್ತು, ಅಲ್ಲೇನು?”

“ಹೌದತ್ತಿ,” ಅಂದೆ. ಚೊಂಬಿನಲ್ಲಿ ಉಳಿದಿದ್ದ ನೀರನ್ನು ಗಾಜಿನ ಮೇಲೆ ಹೊಯ್ದೆ.